ರಾಯರ ಕೊಳಕ್ಕೆ ನಾನು ಆರಿಸಿದ ಫಿಲ್ಟರ್

ಮೈಸೂರಿಗೆ ಬಂದ ಮೊದಲ ಬೇಸಿಗೆಯಲ್ಲೇ ನಾನು ಕಂಡದ್ದನ್ನು ವಿಜಯಪುರದಲ್ಲಿ ಕೂತ ನೀವು ನಂಬಲಿಕ್ಕಿಲ್ಲ. ಗೋಕುಲಂನ ನಮ್ಮ ಬಾಡಿಗೆ ಮನೆಯ ಅಂಗಳಕ್ಕೆ ಟ್ಯಾಂಕರ್ ತರಿಸಿ, ಅಷ್ಟೂ ನೀರನ್ನು ಎದೆಮಟ್ಟದ ಪ್ಲಾಸ್ಟಿಕ್ ತೊಟ್ಟಿಗೆ ಸುರಿದರು. ಕುಡಿಯಲಿಕ್ಕಲ್ಲ, ಬಟ್ಟೆ ಒಗೆಯಲಿಕ್ಕಲ್ಲ, ಮಕ್ಕಳು ಆಡಲಿಕ್ಕೆ! ನೆಲ ಅಗೆಯದೆ ಕಬ್ಬಿಣದ ಚೌಕಟ್ಟಿನಲ್ಲಿ ನಿಲ್ಲಿಸುವ ಈಜುಕೊಳವಂತೆ. ನಳದ ಮುಂದೆ ಕೊಡ ಸಾಲಿಗಿಟ್ಟು ಬೆಳೆದವಳಿಗೆ ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ.

ಕೊಳ ಮನೆ ಮಾಲೀಕರದು. ನಿವೃತ್ತ ವಕೀಲರು, ಅವರ ಅಜ್ಜ ಅರಮನೆಯ ಕೆಲಸದಲ್ಲಿದ್ದವರು. ಬೀದಿಯವರೆಲ್ಲ ರಾಯರು ಎನ್ನುತ್ತಾರೆ. ರಜೆಗೆ ಬಂದ ಮೊಮ್ಮಕ್ಕಳಿಗಾಗಿ ತರಿಸಿದ್ದರು. ನಾನು ಪಾಲಿಟೆಕ್ನಿಕ್‌ನಲ್ಲಿ ಮೆಕ್ಯಾನಿಕಲ್ ಕಲಿಸುವವಳೆಂದು ಪಂಪು, ಫಿಲ್ಟರು ಆರಿಸಲು ಕರೆದರು.

"ಒಂದು ಎಚ್‌ಪಿ ಮೋಟರ್ರೇ ಇರ್ಲಿ ಕಣಮ್ಮ, ಜೋರಾಗಿ ಹೊಡೀಲಿ," ಎಂದರು.

"ಜೋರ್ ಹೊಡದ್ರ ಮಣ್ಣೆಲ್ಲಾ ಫಿಲ್ಟರ್ ದಾಟಿ ವಾಪಸ್ ಬರ್ತೈತ್ರೀ. ಅರ್ಧ ಎಚ್‌ಪಿ ಸಾಕು," ಎಂದೆ.

ಕಾಗದದ ಮಡಿಕೆಯಂಥ ಫಿಲ್ಟರ್ ಅಗ್ಗ. ಆದರೆ ಟ್ಯಾಂಕರಿನ ಕೆಸರಿಗೆ ದಿನವೂ ಬಿಚ್ಚಿ ತೊಳೆಯಬೇಕು. ಮರಳಿನದನ್ನೇ ಆರಿಸಿದೆ. ಮರಳು ಕಟ್ಟಿಕೊಂಡಾಗ ಹಿಡಿ ತಿರುಗಿಸಿದರೆ ನೀರು ಹಿಮ್ಮುಖವಾಗಿ ಹರಿದು ಕೊಳೆಯನ್ನು ಹೊರದಬ್ಬುತ್ತದೆ. ಅದಕ್ಕೆ ಬ್ಯಾಕ್‌ವಾಶ್ ಎನ್ನುತ್ತಾರೆ. ಎರಡು ಮೂರು ನಿಮಿಷದ ಕೆಲಸ, ಹೋಗುವುದು ಹತ್ತಿಪ್ಪತ್ತು ಬಕೆಟ್ ನೀರು. ಬೇಸಿಗೆಯಿಡೀ ಕೊಳ ಬರಿದು ಮಾಡಬೇಕಿಲ್ಲ ಎಂದಾಗ ರಾಯರು ಹಿಗ್ಗಿಹೋದರು. "ನೀವು ನಮ್ಮನೆಯವ್ರೇ ಬಿಡಿ! ನಿಮ್ಮ ಮಗಳೂ ಇಳೀಲಿ." ಬಂದಾಗಿನಿಂದ ಈ ಬೀದಿಯಲ್ಲಿ ಮಾತಿಗೆ ಜನವಿಲ್ಲದೆ ಒಣಗಿದ್ದ ನನಗೆ ಅಂದು ಊಟ ರುಚಿಸಿತು.

ಒಂದು ವಿಷಯ ಹೇಳಬೇಕು. ನಮ್ಮ ಕಡೆ ನೀರು ಕೊಡುವ ಮೊದಲೇ "ಯಾವ ಮಂದಿ ನೀವ?" ಎಂದು ಮುಖಕ್ಕೆ ಹೊಡೆದಂತೆ ಕೇಳುತ್ತಾರೆ. ದಲಿತರೆಂದರೆ ತಂಬಿಗೆ ಒಳಗೇ ಉಳಿಯುತ್ತದೆ. ಇಲ್ಲಿ ಕೇಳುವುದಿಲ್ಲ, ಕಾಫಿ ಕೊಡುತ್ತಾರೆ. ಮನೆ ತೋರಿಸುವಾಗ ರಾಯರು "ಆ ಕಡೆಯವ್ರು ಅಂದ್ರೆ ಮಠದ ಭಕ್ತರು" ಎಂದು ತಮಗೆ ತಾವೇ ಹೇಳಿಕೊಂಡು, ನಮ್ಮನ್ನು ಲಿಂಗಾಯತರೆಂದೇ ತಿಳಿದು ಕೀಲಿಕೈ ಕೊಟ್ಟಿದ್ದರು. ಎಂಥ ದೊಡ್ಡ ಮನಸ್ಸಿನ ಊರು ಎಂದುಕೊಂಡಿದ್ದೆ, ಹುಚ್ಚಿ ನಾನು.

ಭಾನುವಾರ ಮಗಳು ನೀಲಾ ಅವರ ಮೊಮ್ಮಕ್ಕಳ ಜೊತೆ ಸಂಜೆಯವರೆಗೆ ನೀರಾಡಿದಳು. ಪಕ್ಕದಲ್ಲಿ ಕೂತಿದ್ದ ರಾಯರ ಹೆಂಡತಿ ಈ ಊರಲ್ಲಿ ನೆಂಟರು ಯಾರಿದ್ದಾರೆಂದು ವಿಚಾರಿಸಿದರು. "ಅಶೋಕಪುರಂನಲ್ಲಿ ನಮ್ಮತ್ತೆ ಮನೆ," ಎಂದಳು ಮಗು. ಅದು ನಮ್ಮ ಜನರ, ದಲಿತರ ಬಡಾವಣೆಯೆಂದು ಮೈಸೂರಿನವರಿಗೆ ಬಿಡಿಸಿ ಹೇಳಬೇಕಿಲ್ಲ.

ಮರುದಿನ ಬೆಳಗ್ಗೆ ಕೊಳ ಖಾಲಿ. ನೀರೆಲ್ಲ ಚರಂಡಿಗೆ.

"ಬ್ಯಾಕ್‌ವಾಶ್ ಮಾಡುದ್ವಿ ಕಣಮ್ಮ," ಎಂದರು ರಾಯರು. ಯಾರಿಗೆ? ನನಗೆ! ಆ ಹಿಡಿ ತಿರುಗಿಸಲು ಕಲಿಸಿದವಳಿಗೆ! ಫೋನಿನಲ್ಲಿ ಅವ್ವ "ಊರಿಗೆ ಬಂದಬಿಡ ಮಗಳ" ಎಂದಳು. ಬಂದು? ಅಲ್ಲೂ ಬಾಗಿಲ ಹೊರಗೇ ನಿಲ್ಲಬೇಕಲ್ಲ.

ಹೊಸ ನೀರು ಬಂತು. ಆದರೆ ಪೈಪಿನಲ್ಲಿ ಗಾಳಿ ತುಂಬಿ ಪಂಪು ನೀರೆಳೆಯಲಿಲ್ಲ. ನಾಚಿಕೆಯಿಲ್ಲದೆ ಮತ್ತೆ ನನ್ನನ್ನೇ ಕರೆದರು. ಹೋದೆ. ಪೈಪಿನ ಬಾಯನ್ನು ನೀರೊಳಗೆ ಒತ್ತಿ ಗಾಳಿ ಬಿಡಿಸಬೇಕು. ಅವರ ಕಣ್ಣೆದುರೇ ಭುಜದವರೆಗೆ ಕೈ ಮುಳುಗಿಸಿದೆ. ಪಂಪು ಗುರ್ರೆಂದು ಹಿಡಿಯಿತು.

"ಈ ನೀರೂ ಬಿಡ್ತೀರೇನ್ರೀ?" ಎಂದೆ.

"ಅಯ್ಯೋ, ಎಲ್ಲಾದ್ರೂ ಉಂಟಾ! ಕೂತ್ಕೊಳಿ, ಕಾಫಿ ಕುಡೀರಿ."

"ಹಂಗಾದ್ರ ನನ್ನ ಮಗಳು ಇಳೀತಾಳ," ಎಂದು ಮಹಡಿಯ ನಮ್ಮ ಮನೆಯತ್ತ ಕೂಗಿದೆ. "ನೀಲಾ, ಬಾ ಕೆಳಗ!"

ನೀಲಾ ಮೆಟ್ಟಿಲ ಮೇಲೆ ನಿಂತಳು. ಅವಳಿಗೆ ನಾನು ಏನೂ ಹೇಳಿರಲಿಲ್ಲ. ನೀರನ್ನು ನೋಡಿದಳು, ರಾಯರನ್ನು ನೋಡಿದಳು. ಅಲ್ಲಿಯವರೆಗೆ ನನ್ನನ್ನು "ಅವ್ವಾ" ಎಂದೇ ಕರೆಯುತ್ತಿದ್ದ ಮಗು, ಥೇಟ್ ಮೈಸೂರಿನವರಂತೆ, ನಗುನಗುತ್ತಾ ಅಂದಳು:

"ಇವತ್ತು ಬೇಡಮ್ಮ. ಇನ್ನೊಂದಿನ ನೋಡೋಣ."