ನನ್ನಾರಿ ಮತ್ತು ಒಂದು ಮುಚ್ಚಳ ಜಿನ್

ಮನೆಯಲ್ಲಿ ಕಾಕ್‌ಟೇಲ್ ಬೆರೆಸುವುದೆಂದರೆ ನನಗೆ ಇಷ್ಟ. ಈ ಒಂದು ಮಾತು ಬರೆಯುವುದಕ್ಕೇ ಮೂರು ದಿನ ಹಿಂದುಮುಂದು ನೋಡಿದ್ದೇನೆ. ನಾನು ಚಳ್ಳಕೆರೆಯಲ್ಲಿ ಹೈಸ್ಕೂಲ್ ಮಕ್ಕಳಿಗೆ ವಿಜ್ಞಾನ ಹೇಳಿಕೊಡುವವಳು. ಗಂಡ ಪಶು ಆಸ್ಪತ್ರೆಯಲ್ಲಿ ಕಾಂಪೌಂಡರ್. ತವರು ಮೊಳಕಾಲ್ಮೂರಿನ ಒಂದು ಮಗ್ಗದ ಮನೆ. ಆ ಮನೆಯಲ್ಲಿ ಅಪ್ಪ ಕುಡಿದು ಕುಡಿದೇ ತೀರಿಕೊಂಡ. ಅವನು ಬಾಗಿಲು ದಾಟಿ ಒಳಗೆ ಬರುವ ಮೊದಲೇ ವಾಸನೆ ಬರುತ್ತಿತ್ತು, ನಾನು ಮಗ್ಗದ ಹಿಂದೆ ಹೋಗಿ ಕೂರುತ್ತಿದ್ದೆ. ಅಂಥವಳು ಈಗ ಶನಿವಾರದ ಸಂಜೆಗಾಗಿ ಕಾಯುತ್ತೇನೆ.

ಶುರುವಾದದ್ದು ಗೋವಾಕ್ಕೆ ಹೋಗಿ ಬಂದ ಗಂಡನ ಗೆಳೆಯರೊಬ್ಬರು ಕೊಟ್ಟ ಜಿನ್ ಬಾಟಲಿಯಿಂದ. ನಮ್ಮವರು ಆಗ ಕುಡಿಯುತ್ತಿರಲಿಲ್ಲ. ಎಸೆಯಲೂ ಮನಸ್ಸಿಲ್ಲದೆ ರಾಗಿ ಡಬ್ಬದ ಹಿಂದೆ ಇಟ್ಟಿದ್ದರು. ಒಂದು ಬೇಸಿಗೆ ರಜೆಯಲ್ಲಿ ಫೋನಿನಲ್ಲಿ ಯಾರೋ ಹೆಂಗಸು ನಿಂಬೆರಸ, ಶುಂಠಿ, ಪುದೀನ ಜಜ್ಜಿ ಏನೋ ಬೆರೆಸುವುದನ್ನು ನೋಡಿದೆ. ಅಡುಗೆಮನೆಯಲ್ಲಿ ಅವೆಲ್ಲ ಇದ್ದವು. ಕೆಮ್ಮಿನ ಔಷಧಿಯ ಮುಚ್ಚಳವೇ ಅಳತೆ, ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಕುಲುಕುವುದು, ಟೀ ಜಾಲರಿಯಲ್ಲಿ ಸೋಸುವುದು. ಡಬ್ಬಿಯೊಳಗೆ ಐಸು ಗಲಗಲ ಎಂದು, ಅಂಗೈ ಮರಗಟ್ಟಿ, ಹೊರಗೆ ಸಣ್ಣಗೆ ಹನಿ ಕೂರುತ್ತದಲ್ಲ, ಆಗ ನಾನು ನಿಜಕ್ಕೂ ಖುಷಿಯಾಗಿರುತ್ತೇನೆ. ಕುಡಿಯುವುದಕ್ಕಿಂತ ಆ ಗಳಿಗೆಯೇ ನನಗೆ ಹೆಚ್ಚು.

ಆಮೇಲೆ ಗಂಡನೂ ಜೊತೆಯಾದರು, ಬೇರೆ ಬಾಟಲಿಗಳೂ ಬಂದವು. ಎಲ್ಲವೂ ಕೈ ಹತ್ತಲಿಲ್ಲ. ಮಜ್ಜಿಗೆಗೆ ವೋಡ್ಕಾ ಹಾಕಿದ ದಿನ ಇಬ್ಬರೂ ಒಂದೊಂದು ಗುಟುಕಿಗೇ ಮುಖ ಕಿವುಚಿ ಬಚ್ಚಲಿಗೆ ಸುರಿದೆವು. ಬೆಲ್ಲದ ಪಾನಕಕ್ಕೆ ರಮ್ ಹೊಂದಿತು, ಏಲಕ್ಕಿ ಮಾತ್ರ ಬೇಡವಾಗಿತ್ತು. ಹೊಂದಿದ್ದರಲ್ಲೆಲ್ಲ ಮೇಲೆಂದರೆ ನನ್ನಾರಿ. ರಾಯದುರ್ಗದ ಕಡೆಯಿಂದ ಅವ್ವ ತಂದುಕೊಡುತ್ತಿದ್ದ ಆ ಸೊಗದೆ ಬೇರಿನ ಪಾಕಕ್ಕೆ ನಿಂಬೆರಸ, ಚಿಟಿಕೆ ಉಪ್ಪು, ಸೋಡಾ, ಒಂದು ಮುಚ್ಚಳ ಜಿನ್. ಜೊತೆಗೆ ಬೇಯಿಸಿದ ಶೇಂಗಾ. ಗಂಡನಿಗೆ ಒಂದು ಲೋಟ, ನನಗೊಂದು. ಅಷ್ಟೇ. ಕಿಟಕಿ ಮಾತ್ರ ಮುಚ್ಚಿರುತ್ತಿತ್ತು. ಎದುರು ಮನೆಯ ಹುಡುಗಿ ನನ್ನ ಕ್ಲಾಸಿನವಳು.

ಹೋದ ವರ್ಷ ಅವ್ವನ ಕಣ್ಣಿಗೆ ಪೊರೆ ಬಂತು. ಆಪರೇಷನ್ ಮಾಡಿಸಿ ಹದಿನೈದು ದಿನ ನಮ್ಮಲ್ಲೇ ಇಟ್ಟುಕೊಂಡೆ. ಕಪ್ಪು ಕನ್ನಡಕ ಹಾಕಿಕೊಂಡು ಕುರ್ಚಿಯಲ್ಲಿ ಕೂರುತ್ತಿದ್ದಳು, ಹೊತ್ತುಹೊತ್ತಿಗೆ ನಾನು ಕಣ್ಣಿಗೆ ಹನಿ ಹಾಕುತ್ತಿದ್ದೆ. ಅವಳಿರುವಾಗ ಇದೆಲ್ಲ ಬೇಡ ಎಂದುಕೊಂಡಿದ್ದೆ. ಮೊದಲ ಶನಿವಾರ ಸುಮ್ಮನಿದ್ದೆವು. ಎರಡನೆಯ ಶನಿವಾರ ಗಂಡ ಹತ್ತಿರದ ನನ್ನಿವಾಳ ಹಳ್ಳಿಯಲ್ಲಿ ಇಡೀ ದಿನ ಕುರಿಗಳಿಗೆ ಸೂಜಿ ಹಾಕಿ ಸುಸ್ತಾಗಿ ಬಂದು, "ಅತ್ತೆಗೆ ಬರೀ ಶರಬತ್ ಕೊಡು, ನಮ್ಮದಕ್ಕೆ ಒಂದೊಂದು ಮುಚ್ಚಳ. ಯಾರಿಗೆ ಗೊತ್ತಾಗುತ್ತೆ?" ಎಂದರು. ನಾನು ರಾಗಿ ಡಬ್ಬದ ಹಿಂದೆ ಕೈ ಹಾಕಿದೆ.

ಮೂರು ಲೋಟ, ಮೂರೂ ಒಂದೇ ಬಣ್ಣ. ತಟ್ಟೆಯಲ್ಲಿಟ್ಟುಕೊಂಡು ಬಂದು ಅವ್ವನ ಕೈಗೆ ಒಂದು ಕೊಟ್ಟೆ, ಗಂಡನಿಗೆ ಒಂದು. ನನ್ನದನ್ನು ಬಾಯಿಗಿಟ್ಟರೆ ಬರೀ ಶರಬತ್ತು.

ಅವ್ವನ ಕಡೆ ತಿರುಗಿದೆ. ಅವಳ ಲೋಟ ಆಗಲೇ ಅರ್ಧವಾಗಿತ್ತು.

"ಬಾಗುಂದೇ," ಎಂದಳು ತೆಲುಗಿನಲ್ಲಿ. ಚೆನ್ನಾಗಿದೆ ಎಂದು. ಅವಳಿಗೆ ತುಂಬ ಖುಷಿಯಾದಾಗ ಮಾತ್ರ ತೆಲುಗು ಬರುತ್ತದೆ.

ಆ ಲೋಟವನ್ನು ಕಿತ್ತುಕೊಂಡರೆ ಯಾಕೆಂದು ಹೇಳಬೇಕು. ಸುಮ್ಮನಿದ್ದರೆ ಕಣ್ಣಿನ ಗತಿ? ಗಂಡನ ಕಿವಿಯಲ್ಲಿ ಹೇಳಿದೆ. "ಒಂದು ಮುಚ್ಚಳ ತಾನೆ, ಏನೂ ಆಗಲ್ಲ ಬಿಡು," ಎಂದರು. ಅವರು ಕುರಿಯ ಲೆಕ್ಕದಲ್ಲಿ ಹೇಳುತ್ತಿದ್ದಾರೋ ಮನುಷ್ಯರ ಲೆಕ್ಕದಲ್ಲೋ ತಿಳಿಯದೆ ಹಿತ್ತಲಿಗೆ ಓಡಿಹೋಗಿ ಕಣ್ಣಾಸ್ಪತ್ರೆಗೆ ಫೋನು ಮಾಡಿದೆ. ನರ್ಸ್ ಎತ್ತಿದರು.

"ನಮ್ಮವ್ವ ತಪ್ಪಿ ಸ್ವಲ್ಪ... ಡ್ರಿಂಕ್ಸ್ ಕುಡಿದುಬಿಟ್ಟಿದಾರೆ."

"ಯಾರ್ ಕೊಟ್ರು ಮೇಡಂ?"

"ಗೊತ್ತಿಲ್ಲ," ಎಂದುಬಿಟ್ಟೆ. ಮಕ್ಕಳು ಸುಳ್ಳು ಹೇಳಿದರೆ ಬೆಂಚಿನ ಮೇಲೆ ನಿಲ್ಲಿಸುವವಳು ನಾನು.

ಅವರು ಡಾಕ್ಟರನ್ನು ಕೇಳಿ ಬಂದು, ಗಾಬರಿ ಬೇಡ, ಒಬ್ಬರನ್ನೇ ಓಡಾಡಲು ಬಿಡಬೇಡಿ, ಹನಿ ಎಂದಿನಂತೆ ಹಾಕಿ, ಇನ್ನು ಮೇಲೆ ಮಾತ್ರ ಕೊಡಬೇಡಿ ಎಂದರು. ಕೊನೆಯ ಮಾತು ಹೇಳುವಾಗ ನಕ್ಕರು ಅನ್ನಿಸಿತು.

ಒಳಗೆ ಬಂದರೆ ಅವ್ವ ಲೋಟ ಖಾಲಿ ಮಾಡಿ ಕೂತಿದ್ದಳು. "ಇನ್ನೊಂಚೂರು ಐತೇನೆ?"

ಬರೀ ಶರಬತ್ತು ತಂದುಕೊಟ್ಟೆ. ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟಳು. "ಇದು ಸಪ್ಪೆ."

ಗಂಡ ನಗು ತಡೆಯಲಾರದೆ ಎದ್ದು ಅಡುಗೆಮನೆಗೆ ಹೋದರು. ಅವ್ವ ಕಪ್ಪು ಕನ್ನಡಕದೊಳಗಿಂದ ಎತ್ತ ನೋಡುತ್ತಿದ್ದಳೋ ಗೊತ್ತಾಗುತ್ತಿರಲಿಲ್ಲ. ನಾನು ಕೇಳದಿದ್ದರೂ ಹೇಳತೊಡಗಿದಳು.

"ನಾನೂ ಬೆರೆಸ್ತಿದ್ದೆ ಕಣೆ. ನಿಮ್ಮಪ್ಪ ತಂದಿಟ್ಟ ಬಾಟ್ಲಿನಾಗೆ ಅರ್ಧ ಬಚ್ಚಲಿಗೆ ಚೆಲ್ಲಿ, ಅಷ್ಟೇ ನೀರು ತುಂಬ್ತಿದ್ದೆ. ದಿನಾ."

ನಲವತ್ತು ದಾಟಿದ ಮಗಳು, ಇದನ್ನು ಮೊದಲ ಸಲ ಕೇಳುತ್ತಿದ್ದೆ. "ಅಪ್ಪಂಗೆ ಗೊತ್ತಾಗ್ಲಿಲ್ವಾ?"

"ಆಗದೆ ಏನು! ನಂದೇ ಕೆಲಸ ಅಂತ ಗೊತ್ತಿತ್ತು. ಆದ್ರೂ ಈ ಅಂಗಡಿಯೋನು ಬರೀ ನೀರು ಕೊಡ್ತಾನೆ ಅಂತ ಅವನಿಗೆ ಬೈಕೊಂಡು ಕುಡೀತಿದ್ರು. ನನಗೆ ಒಂದು ಮಾತು ಅನ್ಲಿಲ್ಲ." ಆಮೇಲೆ, "ಯಾಕೆ ಅನ್ಲಿಲ್ವೋ," ಎಂದು ತನಗೇ ಹೇಳಿಕೊಂಡಳು.

ನನಗೆ ನೆನಪಿದ್ದ ಅಪ್ಪ ಬಾಯಿಗೆ ಬಂದಂತೆ ಬೈಯುವವನು, ಮೂಲೆಗೆ ಚೆಂಬು ಎಸೆಯುವವನು. ಹೆಂಡತಿ ನೀರು ಬೆರೆಸಿದ್ದನ್ನು ತಿಳಿದೂ ಸುಮ್ಮನೆ ಕುಡಿದ ಈ ಮನುಷ್ಯನನ್ನು ಎಲ್ಲಿ ಕೂರಿಸಬೇಕೆಂದು ತಿಳಿಯಲಿಲ್ಲ. ಆ ರಾತ್ರಿ ಅವ್ವನ ಪಕ್ಕದಲ್ಲೇ ಹಾಸಿಗೆ ಹಾಸಿಕೊಂಡೆ. ಅವಳು ಚೆನ್ನಾಗಿ ನಿದ್ದೆ ಮಾಡಿದಳು.

ಬೆಳಗ್ಗೆ ಕಣ್ಣಿಗೆ ಹನಿ ಹಾಕುತ್ತ ಹೇಳಿಬಿಟ್ಟೆ. "ಅವ್ವ, ನಿನ್ನೆ ನಿನ್ನ ಲೋಟದಾಗೆ ಜಿನ್ ಇತ್ತು. ಅದೂ ಒಂಥರಾ ಸಾರಾಯಿನೇ. ಅದಲುಬದಲಾಯ್ತು. ತಪ್ಪಾಯ್ತು."

"ಅದಲುಬದಲಾಯ್ತಾ?" ಅವ್ವನ ಮುಖ ಸಣ್ಣದಾಯಿತು. "ನೀನೇ ಬೇಕಂತ ಕೊಟ್ಟೆ ಅಂದ್ಕೊಂಡಿದ್ದೆ."

"ನಿಂಗೆ ಗೊತ್ತಾಗಿತ್ತಾ?"

"ನಿಮ್ಮಪ್ಪನ ಜೊತೆ ಅಷ್ಟು ವರ್ಷ ಬಾಳಿದೋಳಿಗೆ ವಾಸನೆ ಗೊತ್ತಾಗಲ್ವೇನೆ? ನಾವು ಹಿಂಗೆ ಕುಡೀತೀವಿ ಅಂತ ಬಾಯಿಬಿಟ್ಟು ಹೇಳಕ್ಕಾಗ್ದೆ ಮಗಳು ಲೋಟ ಕೈಗೆ ಕೊಟ್ಟಳು ಅಂದ್ಕೊಂಡೆ. ಅದಕ್ಕೇ ಕುಡಿದೆ."

ಹನಿ ಕಣ್ಣು ತಪ್ಪಿ ಅವಳ ಕೆನ್ನೆಯ ಮೇಲೆ ಬಿತ್ತು. ಒರೆಸಿ ಇನ್ನೊಂದು ಹಾಕಿದೆ. ತಪ್ಪಿ ಕೊಟ್ಟಿದ್ದು ಎಂದು ಹೇಳಿ ನಾನು ಏನೋ ಒಂದನ್ನು ಕೆಡಿಸಿದೆ ಎಂದು ಮಾತ್ರ ಗೊತ್ತಾಯಿತು.

"ಅಳಿಯಂದ್ರು ಎಷ್ಟು ಕುಡೀತಾರೆ?" ಕೇಳಿದಳು.

"ಒಂದೇ ಲೋಟ."

"ನೀನು?"

"ನಾನೂ ಒಂದೇ. ಶನಿವಾರ ಮಾತ್ರ."

"ನಿಮ್ಮಪ್ಪನೂ ಮೊದ್ಲು ಒಂದೇ ಲೋಟ ಕುಡೀತಿದ್ರು." ಕಣ್ಣು ಮುಚ್ಚಿಕೊಂಡೇ ಕೂತಿದ್ದಳು, ಹನಿ ಇಂಗಲೆಂದು. "ಆದ್ರೆ ನನ್ನನ್ನ ಎದುರಿಗೆ ಕೂರಿಸ್ಕೊಂಡು ಒಂದಿನಾನೂ ಕುಡೀಲಿಲ್ಲ."

ಮುಂದಿನ ಬುಧವಾರ ಅವ್ವನನ್ನು ಮೊಳಕಾಲ್ಮೂರಿನ ಬಸ್ಸು ಹತ್ತಿಸಿ ಬಂದೆ. ಊರಿನಲ್ಲಿರುವ ನನ್ನ ತಮ್ಮನಿಗೆ ಇದನ್ನೆಲ್ಲ ಹೇಳಬೇಡ ಎಂದಳು, ಅವನು ಕೂಗಾಡುತ್ತಾನೆ. ಅವ್ವನ ಆ ಒಂದು ಲೋಟದ ಮಾತು ಕೇಳಿ ಗಂಡ, "ಅತ್ತೆ ಒಪ್ಪಿಗೆ ಕೊಟ್ಟಹಾಗೇ," ಎನ್ನುತ್ತಾರೆ. ನನಗೆ ಅದು ಎಚ್ಚರಿಕೆ ಅನ್ನಿಸುತ್ತದೆ. ಇನ್ನೊಂದು ದಿನ ಎರಡೂ ಅಲ್ಲ, ಬರೀ ದುಃಖ ಅನ್ನಿಸುತ್ತದೆ. ಎರಡು ವಾರ ಏನನ್ನೂ ಬೆರೆಸಲಿಲ್ಲ. ಮೂರನೆಯ ವಾರ ಹುಣಸೆಹಣ್ಣು ಜೀರಿಗೆ ಹಾಕಿ ಹೊಸದೊಂದನ್ನು ಮಾಡಿದೆ, ಚೆನ್ನಾಗಿಯೇ ಬಂತು, ಅದೇ ಖುಷಿ. ಆ ಖುಷಿಯಾದದ್ದಕ್ಕೆ ಸ್ವಲ್ಪ ಸಿಟ್ಟೂ ಬಂತು, ಯಾರ ಮೇಲೆಂದು ಗೊತ್ತಿಲ್ಲ.

ಈಗ ಭಾನುವಾರ ಬೆಳಗ್ಗೆ ಅವ್ವನ ಫೋನು ಬರುತ್ತದೆ. ನಿನ್ನೆ ಏನು ಅಡುಗೆ ಎಂದು ಕೇಳುತ್ತಾಳೆ. ಮುದ್ದೆ, ಸೊಪ್ಪಿನ ಸಾರು ಎಂದೆಲ್ಲ ಹೇಳುತ್ತೇನೆ.

"ಮತ್ತೇನು?" ಎನ್ನುತ್ತಾಳೆ.

"ಮತ್ತೇನಿಲ್ಲ ಅವ್ವ."

"ಹೂಂ, ನಿನ್ನೆ ಶನಿವಾರ ಅಲ್ವೇನೆ," ಎಂದು ಫೋನು ಇಡುತ್ತಾಳೆ.