ಪಿಳ್ಳಕ್ಕನ ಗಾಜಿನ ಬಟ್ಟೆಗಳು

ಚಂದನಾ, ನಿಖಿಲಾ, ಪಿಳ್ಳಕ್ಕನ ಅಂಗೈಯನ್ನು ನಿಮಗೆ ತೋರಿಸಬೇಕಿತ್ತು. ವರ್ಷಗಟ್ಟಲೆ ಸೋಪಿನ ನೀರಿನಲ್ಲಿ ನೆಂದು ಒಣಗಿ, ಬತ್ತಿದ ಕೆರೆಯಂಗಳದ ಹಾಗೆ ಬಿರುಕು ಬಿಟ್ಟಿತ್ತು. ಒಣಗಿದ ಬಟ್ಟೆಯ ಮೇಲೆ ಆ ಅಂಗೈಯನ್ನು ಮೆಲ್ಲಗೆ ಎಳೆಯುವಳು. ಬಟ್ಟೆಯ ಎಳೆಗಳು ಬಿರುಕಿಗೆ ಸಿಕ್ಕಿ ಹಿಡಿದುಕೊಂಡರೆ, "ಕಚ್ತು. ಒಳ್ಳೇದು" ಎಂದು ಮಡಿಸಿ ಇಡುವಳು. ಕೈ ಜಾರಿದರೆ ಬಟ್ಟೆ ಮತ್ತೆ ನೀರಿಗೆ.

ಮಹದೇವಪುರದ ಒಂದು ಗಾಜಿನ ಕಟ್ಟಡದ ನೆಲಮಾಳಿಗೆಯಲ್ಲಿ ನಾನು ಕೆಲಸಕ್ಕಿದ್ದೆ ಎಂದು ನಿಮಗೆ ಗೊತ್ತು. ಏನು ಕೆಲಸ ಎಂದು ಕೇಳಿದಾಗ "ಬಟ್ಟೆ ಒಗೆಯೋದು" ಎಂದಷ್ಟೇ ಹೇಳಿ ಮಾತು ಬದಲಿಸುತ್ತಿದ್ದೆ. ಒಗೆಯುತ್ತಿದ್ದದ್ದು ಗಾಜು ಒರೆಸುವ ಬಟ್ಟೆ. ಸೊಂಟಕ್ಕೆ ಹಗ್ಗ ಬಿಗಿದು ಹೊರಗೋಡೆಯ ಮೇಲೆ ನೇತಾಡುತ್ತ ಗಾಜು ತೊಳೆಯುವ ಗಂಡಸರು ಸಂಜೆಯಾದರೆ ಮೂಟೆಗಟ್ಟಲೆ ತಂದು ಸುರಿಯುತ್ತಿದ್ದರು. ಅವನ್ನು ಒಗೆದು, ಒಣಗಿಸಿ, ಮಡಿಸಿ ಕೊಡುವ ಕೋಣೆಯ ಯಜಮಾನಿ ಪಿಳ್ಳಕ್ಕ. ನನಗಿಂತ ಹತ್ತು ವರ್ಷ ದೊಡ್ಡವಳು.

ನಿಮ್ಮ ತಾತ ತೀರಿಕೊಂಡ ವರ್ಷ ನಿಮ್ಮ ಅಮ್ಮನನ್ನು ಕರೆದುಕೊಂಡು ಶಿರಾ ಕಡೆಯ ಹಳ್ಳಿಯಿಂದ ಬಂದಿದ್ದೆ. ಯಾರ ಮುಖ ನೋಡಿಯೂ ಮಾತಾಡಲು ಬಾರದು. ಗೋಡೆಗೆ ಮುಖ ಮಾಡಿ ಊಟ ಮಾಡುತ್ತಿದ್ದೆ. ಮೂರನೆಯ ದಿನ ಪಿಳ್ಳಕ್ಕ ತನ್ನ ಡಬ್ಬಿ ಹಿಡಿದು ನನಗೂ ಗೋಡೆಗೂ ನಡುವೆ ತೂರಿಕೊಂಡು ಕುಳಿತಳು.

"ಗೋಡೆ ಏನಾರ ಮಾತಾಡ್ತದೇನಮ್ಮಿ? ನಾನಾದ್ರೆ ನಿನ್ ಸಾರಿಗೆ ಉಪ್ಪು ಕಮ್ಮಿ ಅಂತಾದ್ರೂ ಅಂತೀನಿ."

ಏಳನೆಯ ತರಗತಿಯವರೆಗೆ ಓದಿದ್ದೇನೆ ಎಂದು ತಿಳಿದ ಮೇಲೆ ನನಗೆ 'ಟೀಚರಮ್ಮ' ಎಂದೇ ಹೆಸರಿಟ್ಟಳು. ಅವಳಿಗೆ ಓದು ಬರಹ ಇರಲಿಲ್ಲ. ಬಸ್ಸಿನ ಬೋರ್ಡನ್ನೂ ನನ್ನಿಂದಲೇ ಓದಿಸುವಳು.

ಆದರೆ ತನ್ನ ಕೆಲಸದಲ್ಲಿ ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಗಾಜಿನ ಬಟ್ಟೆಯ ಜೊತೆ ಹತ್ತಿ ಬಟ್ಟೆ ಸೇರಿಸುವ ಹಾಗಿಲ್ಲ, ಅದರ ಜುಂಗು ಅಂಟುತ್ತದೆ. ಒಣಗಿಸುವುದು ಮಹಡಿಯ ಮೇಲೆ, ನೆರಳಿನಲ್ಲಿ ಕಟ್ಟಿದ ಹಗ್ಗದ ಮೇಲೆ. ಬಟ್ಟೆ ಮೆತ್ತಗಾಗಿ ಘಮಘಮಿಸಲೆಂದು ಹಾಕುವ ಗುಲಾಬಿ ಬಣ್ಣದ ದ್ರವವನ್ನಂತೂ ಒಂದು ತೊಟ್ಟೂ ಹಾಕಲು ಬಿಡಳು. ಅದು ಎಳೆಗಳಿಗೆ ಎಣ್ಣೆಯ ಹಾಗೆ ಅಂಟಿಕೊಂಡು, ಆಮೇಲೆ ಗಾಜಿಗೆ ಮೆತ್ತಿಕೊಳ್ಳುತ್ತದೆ. "ವಾಸ್ನೆ ನೋಡೋಕೆ ಗಾಜಿಗೇನ್ ಮೂಗೈತಾ?" ಎನ್ನುವಳು.

ಒಮ್ಮೆ ಹೊಸ ಮ್ಯಾನೇಜರ್ ಕೆಳಗಿಳಿದು ಬಂದು, ಒಣಗಿಸುವ ಮೆಷಿನ್ ಇರುವಾಗ ಮಹಡಿ ಹತ್ತುವುದೇಕೆ ಎಂದು ರೇಗಿದರು.

"ಸಾರ್, ಇದು ಪ್ಲಾಸ್ಟಿಕ್ ನೂಲು. ಆ ಬಿಸಿಗೆ ಮುದುರ್ಕಂಡು ಗಟ್ಟಿ ಆಯ್ತದೆ, ಗಾಜು ಗೀರ್ತದೆ. ನಿಮ್ ಕನ್ನಡ್ಕ ಕೊಡಿ, ಒರ್ಸಿ ತೋರಿಸ್ತೀನಿ."

ಅವರು ಕನ್ನಡಕ ಕೊಡಲಿಲ್ಲ. ಸುತ್ತ ನಿಂತವರು ನಕ್ಕರು. ಆ ನಗುವನ್ನು ಅವರು ಮರೆಯಲೂ ಇಲ್ಲ.

ಅದೇ ಮಳೆಗಾಲದಲ್ಲಿ ಮಗಳ ಹೆರಿಗೆಯೆಂದು ಪಿಳ್ಳಕ್ಕ ಮೂರು ದಿನ ಅತ್ತಿಬೆಲೆಗೆ ಹೋದಳು. ಬಿಸಿಲೇ ಇಲ್ಲದೆ ಬಟ್ಟೆಗಳು ಮುಗ್ಗಲು ಹಿಡಿದವು. ಹಗ್ಗದ ಕೆಲಸದವನೊಬ್ಬ ಒಂದು ಬಟ್ಟೆಯನ್ನು ಮೂಗಿಗೆ ಹಿಡಿದು, "ಏನಕ್ಕಾ ಇದು, ಒಣಮೀನು ಕಟ್ಟಿಟ್ಟಿದ್ರಾ?" ಎಂದ. ಎಲ್ಲರೂ ನಕ್ಕರು. ನಾಚಿಕೆಯಿಂದ ನಾನು ಭೂಮಿಗಿಳಿದು ಹೋದೆ. ಮತ್ತೊಮ್ಮೆ ಒಗೆದು ಫ್ಯಾನಿನ ಕೆಳಗೆ ಹರವಿದ್ದರೆ ಸಾಕಿತ್ತು. ಆದರೆ ನಾನು, ಮೇಲಿನ ಆಫೀಸಿನವರ ಕೈ ಒರೆಸುವ ಟವೆಲ್ಲಿಗೆಂದು ಕೋಣೆಯಲ್ಲಿದ್ದ ಗುಲಾಬಿ ದ್ರವವನ್ನು ಮುಚ್ಚಳದ ತುಂಬ ಎರಡು ಸಲ ಸುರಿದೆ. ಮರುದಿನ ಅದೇ ಹುಡುಗ, "ಸಕ್ಕತ್ ವಾಸ್ನೆ ಅಕ್ಕಾ!" ಎಂದ. ಇಡೀ ದಿನ ಅದನ್ನೇ ನೆನೆಸಿಕೊಂಡು ಹಿಗ್ಗಿದೆ.

ನಾಲ್ಕನೆಯ ದಿನ ಬಿಸಿಲು ಬಂತು. ಕಟ್ಟಡದ ಮುಂಭಾಗದ ಗಾಜಿನ ಮೇಲೆಲ್ಲ ಬಸವನಹುಳ ಹರಿದಾಡಿದ ಹಾಗೆ ಪಟ್ಟೆಗಳು ಎದ್ದವು. ಅಂದೇ ಪರದೇಶದಿಂದ ಅತಿಥಿಗಳು ಬರುವವರಿದ್ದರು. ಮ್ಯಾನೇಜರ್ ಕೆಳಗೆ ಬರುವ ಹೊತ್ತಿಗೆ, ಬೆಳಿಗ್ಗೆಯಷ್ಟೇ ಕೆಲಸಕ್ಕೆ ಮರಳಿದ್ದ ಪಿಳ್ಳಕ್ಕ ಒಂದು ಬಟ್ಟೆಯ ಮೇಲೆ ಅಂಗೈ ಎಳೆದಿದ್ದಳು. ಜಾರಿತು. ಮೂಸಿದಳು. ನನ್ನನ್ನು ನೋಡಿದಳು.

"ಯಾರು ಒಗೆದಿದ್ದು ಇದನ್ನ?" ಎಂದರು ಮ್ಯಾನೇಜರ್.

ನಿಮ್ಮ ಅಮ್ಮನ ಕಾಲೇಜಿನ ಫೀಸು ನೆನಪಾಗಿ ಬಾಯಿ ಕಟ್ಟಿತು ಎಂದು ಬರೆಯಬಹುದಿತ್ತು. ಅದು ಸುಳ್ಳು. ಹೆದರಿದೆ, ಅಷ್ಟೆ. ಪಿಳ್ಳಕ್ಕ ನನ್ನ ಮುಖದಿಂದ ಕಣ್ಣು ತೆಗೆಯದೆ ಕಾದಳು. ಕೊನೆಗೆ ಮ್ಯಾನೇಜರ್ ಕಡೆ ತಿರುಗಿ, "ನನ್ ರೂಮು ಸಾರ್" ಎಂದಳು.

"ಹಾಗಾದ್ರೆ ಬರೆದು ಕೊಡಮ್ಮ."

ಅವಳಿಗೆ ಬರೆಯಲು ಬಾರದು. ಮ್ಯಾನೇಜರ್ ಕಾಗದವನ್ನು ನನ್ನ ಕೈಗಿತ್ತರು. ಅವರು ಹೇಳಿದಂತೆ ಬರೆದೆ: 'ನನ್ನ ಅಜಾಗರೂಕತೆಯಿಂದ ಬಟ್ಟೆಗಳು ಕೆಟ್ಟು ಗಾಜು ಹಾಳಾಗಿದೆ. ಇದಕ್ಕೆ ನಾನೇ ಹೊಣೆ.' ನನ್ನ ಮೇಷ್ಟ್ರು ಮೆಚ್ಚುತ್ತಿದ್ದ ದುಂಡಗಿನ ಅಕ್ಷರ.

"ಏನ್ ಬರ್ದಿದ್ದೀಯ, ಓದು ಟೀಚರಮ್ಮ."

ಓದಿದೆ. ದನಿ ನಡುಗಲಿಲ್ಲ, ಅದೇ ನನಗೆ ಈಗಲೂ ಆಶ್ಚರ್ಯ. ಅವಳು ಹೆಬ್ಬೆಟ್ಟು ಒತ್ತಿದಳು. ಸವೆದ ಬೆರಳಾದ್ದರಿಂದ ಗುರುತು ಮೂಡಲಿಲ್ಲ. ಇನ್ನೊಂದು ಸಲ ಒತ್ತಿಸಿದರು.

"ಚೆನ್ನಾಗ್ ಬರೀತೀಯ," ಎಂದು ಹೇಳಿ, ಊಟದ ಡಬ್ಬಿ ತೆಗೆದುಕೊಂಡು ಹೊರಟುಹೋದಳು.

ಆ ಕಾಗದದ ಮೇಲೆ ಅವಳನ್ನು ಕೆಲಸದಿಂದ ತೆಗೆದು, ಮರುವಾರ ಅವಳ ಜಾಗವನ್ನು ನನಗೆ ಕೊಟ್ಟರು. ನಾನು ಒಲ್ಲೆ ಎನ್ನಲಿಲ್ಲ. ಎಂಟು ವರ್ಷ ಅಲ್ಲಿದ್ದೆ. ನಿಮ್ಮ ಅಮ್ಮನ ಓದು ಮುಗಿದದ್ದು ಆ ಜಾಗದಿಂದ. ಅವಳಿಗೂ ಈ ಸಂಗತಿ ಗೊತ್ತಿಲ್ಲ.

ಆ ಕಾಗದ ಬರೆದು ವರ್ಷ ಕಳೆದ ಮೇಲೆ, ಪಿಳ್ಳಕ್ಕ ಒಂದು ಕಲ್ಯಾಣ ಮಂಟಪದಲ್ಲಿ ಪಾತ್ರೆ ತೊಳೆಯುತ್ತಾಳೆಂದು ಕೇಳಿ ಹುಡುಕಿಕೊಂಡು ಹೋದೆ. ಹಿತ್ತಲಲ್ಲಿ, ಅವಳೇ ಒಳಗಿಳಿಯಬಹುದಾದಷ್ಟು ದೊಡ್ಡ ಕೊಳಗವನ್ನು ಉಜ್ಜುತ್ತಿದ್ದಳು.

"ಬನ್ನಿ ಕಮಲಮ್ಮನೋರೆ," ಎಂದಳು. ಅಷ್ಟು ಮರ್ಯಾದೆ ಕೊಟ್ಟು ಅವಳು ನನ್ನನ್ನು ಎಂದೂ ಕರೆದಿರಲಿಲ್ಲ.

"ಅಕ್ಕಾ, ನೀನು ನನ್ನನ್ನ ಉಳಿಸಿದೆ..."

"ಉಳ್ಸೋಕಲ್ಲ ನಾನಂದಿದ್ದು. ನೀವು ಬಾಯಿ ಬಿಡ್ತೀರ ಅಂತ ಕಾದೆ. ಬಿಡ್ಲಿಲ್ಲ. ಎಷ್ಟೊತ್ತೂಂತ ನಿಂತ್ಕಳ್ಳಿ?"

"ತಪ್ಪಾಯ್ತು ಅಕ್ಕ."

"ನನ್ ತಾವ ಹೇಳಿ ಏನ್ ಬಂತು? ನಂಗೆ ಗೊತ್ತಿರೋದೇ ತಾನೆ. ಆ ಕಾಗ್ದ ಯಾರ್ ಮಡೀಕಂಡವ್ರೋ ಅವ್ರ ತಾವ ಹೇಳೋಗಿ."

ಸೋಮವಾರವೇ ಹೇಳುತ್ತೇನೆ ಎಂದೆ. ಅವಳು ತಲೆಯೆತ್ತದೆ ಉಜ್ಜುತ್ತಲೇ ಇದ್ದಳು. ಸೋಮವಾರ ಮ್ಯಾನೇಜರ್ ಕೋಣೆಯ ಬಾಗಿಲ ತನಕ ಹೋದೆ. ಒಳಗೆ ಯಾರೋ ಮಾತಾಡುತ್ತಿದ್ದರು. ಹಿಂದಿರುಗಿದೆ. ಮತ್ತೆ ಆ ಬಾಗಿಲಿಗೆ ಹೋಗಲಿಲ್ಲ.

ಎರಡು ವರ್ಷದ ನಂತರ ಪಿಳ್ಳಕ್ಕ ಅತ್ತಿಬೆಲೆಯಲ್ಲಿ ಮಗಳ ಮನೆಯಲ್ಲಿ ತೀರಿಕೊಂಡಳು. ಸುದ್ದಿ ನನಗೆ ತಿಂಗಳಾದ ಮೇಲೆ ಬಂತು. ಆ ಮ್ಯಾನೇಜರ್ ಈಗ ಎಲ್ಲಿದ್ದಾರೋ ತಿಳಿಯದು. ನಾನು ಬರೆದ ಆ ಕಾಗದ ಮಾತ್ರ ಯಾವುದೋ ಫೈಲಿನಲ್ಲಿ ಇದ್ದರೂ ಇರಬಹುದು.

ಮಕ್ಕಳೇ, ಈ ಹಾಳೆಗಳನ್ನು ರದ್ದಿಗೆ ಹಾಕಬೇಡಿ, ನಿಮ್ಮ ಪುಸ್ತಕಗಳ ಜೊತೆ ಇಟ್ಟುಕೊಂಡಿರಿ. ಆ ಬಟ್ಟೆಗಳನ್ನು ಕೆಡಿಸಿದವಳು ನಾನು, ಪಿಳ್ಳಕ್ಕ ಅಲ್ಲ ಎಂದು ಬರೆದಿರುವುದು ಇವುಗಳಲ್ಲಿ ಮಾತ್ರ.