ಕೆಟ್ಟ ಕಂಪ್ಯೂಟರಿನ ಮುಂದೆ ಕೂರಿಸಿದೆ

ಮಹಾಂತಪ್ಪನವರೇ, ನಾನು ನಿಮಗೆ ಕಂಪ್ಯೂಟರ್ ಕಲಿಸಲಿಲ್ಲ. ಕಲಿಸಿದಂತೆ ನಟಿಸಿದೆ. ನಿಮ್ಮನ್ನು ಕೂರಿಸಿದ್ದು ಸುಟ್ಟುಹೋಗಿದ್ದ ಯಂತ್ರದ ಮುಂದೆ. ಅದು ಎಂದೂ ಹತ್ತುವುದಿಲ್ಲವೆಂದು ನನಗೆ ಗೊತ್ತಿತ್ತು.

ತೊಂಬತ್ತರ ದಶಕದ ಕೊನೆಯ ವರ್ಷಗಳು. ಅಫಜಲಪುರದ ಬಸ್ ಸ್ಟ್ಯಾಂಡಿನ ಹತ್ತಿರ, ಮಹಡಿಯ ಮೇಲೆ, ನನ್ನ ತರಬೇತಿ ಕೇಂದ್ರ. ಊರಿಗೆ ಕಂಪ್ಯೂಟರ್ ತಂದವನು ನಾನೆಂಬ ಸೊಕ್ಕು ನನಗೆ. ನೀವು ಮೆಟ್ಟಿಲೇರಿ ಬಂದು, ಚಪ್ಪಲಿ ಹೊರಗೇ ಬಿಟ್ಟು, ನಾನು ಕೇಳುವ ಮೊದಲೇ ಎಲ್ಲ ಹೇಳಿದಿರಿ. ಅತನೂರಿನವರು. ಹೊಲದ ಬದುವಿನ ಜಗಳದಲ್ಲಿ ದೊಡ್ಡಪ್ಪನ ಮಗನಿಗೆ ಕೊಡಲಿ ಬೀಸಿದಿರಿ, ಅವನು ಸತ್ತ. ಶಿಕ್ಷೆ ಮುಗಿಸಿ ಬಂದಿದ್ದಿರಿ. ನಿಮ್ಮ ಹೆಂಡತಿಯ ತಮ್ಮ ಜೇವರ್ಗಿಯ ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯುವ ಮುನೀಮ. ಅಲ್ಲಿ ಹೊಸದಾಗಿ ಕಂಪ್ಯೂಟರ್ ಬಂದಿತ್ತು. ಅದನ್ನು ಕಲಿತು ಬಂದರೆ ಕೆಲಸ ಕೊಡಿಸುತ್ತೇನೆಂದು ಅವರು ಮಾತು ಕೊಟ್ಟಿದ್ದರು.

ನೀವು ಮಾತಾಡುತ್ತಿದ್ದಾಗ ನಾನು ನೋಡಿದ್ದು ನಿಮ್ಮ ಕೈಗಳನ್ನು. ಕೊಡಲಿ ಹಿಡಿದ ಕೈ — ಅದು ನಾನು ದಿನವೂ ಮುಟ್ಟುವ ಕೀಲಿಗಳ ಮೇಲೆ — ಬೇಡವೇ ಬೇಡ ಅನಿಸಿತು. ಬೇರೆ ವಿದ್ಯಾರ್ಥಿಗಳು ಯಾರೂ ತಕರಾರು ಮಾಡಿರಲಿಲ್ಲ. ಹೇಸಿಕೆ ನನ್ನದೇ. ಬೇಡ ಎಂದು ಮುಖಕ್ಕೆ ಹೇಳಿ ಕಳಿಸುವ ಧೈರ್ಯವೂ ಇರಲಿಲ್ಲ, ನೀವು ಕೊಟ್ಟ ಫೀಸು ಬಿಡುವ ಮನಸ್ಸೂ ಇರಲಿಲ್ಲ. ಅದಕ್ಕೇ ಮೂಲೆಯಲ್ಲಿ ಪರದೆ ಕಟ್ಟಿಸಿ, ಹಿಂದಿನ ಬೇಸಿಗೆಯಲ್ಲಿ ವೋಲ್ಟೇಜ್ ಏರಿ ಸುಟ್ಟಿದ್ದ ಕಂಪ್ಯೂಟರನ್ನು ಅಲ್ಲಿಟ್ಟು ನಿಮಗೆ ಕುರ್ಚಿ ಹಾಕಿಸಿದೆ.

ಮೊದಲು ಬೆರಳು ಪಳಗಲಿ, ಆಮೇಲೆ ಉಳಿದದ್ದು ಎಂದೆ. ನಂಬಿದಿರಿ. ಪರದೆಯ ಆಚೆ ಹುಡುಗಿಯರು ಬಿಲ್ಲು ಮಾಡುವುದು, ಪತ್ರ ಬರೆಯುವುದು ಕಲಿಯುತ್ತಿದ್ದರು. ಈಚೆ ನೀವು ಕಪ್ಪು ಗಾಜಿನ ಮುಂದೆ ಕೂತು ಕೀಲಿ ಒತ್ತುತ್ತಿದ್ದಿರಿ. ಒತ್ತಿ ಒತ್ತಿ — ಎಂಥ ಶ್ರದ್ಧೆ ಅದು. ಒಮ್ಮೆ ಮಾತ್ರ ಕೇಳಿದಿರಿ, "ಇದು ಯಾವಾಗ ಹತ್ತತದ್ರಿ ಸರ್?"

ನಿಮ್ಮ ಬೆರಳಿನ ಮೇಲೆ ಅದ ಎಂದು ಹೇಳಿ ಹೊರಗೆ ಬಂದೆ. ಹೊರಗೆ ಬಂದು ನಕ್ಕೆ. ನೀವು ಹೋದ ಮೇಲೆ ಆ ಸತ್ತ ಕೀಲಿಗಳನ್ನೂ ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದೆ.

ಎರಡು ತಿಂಗಳಾದ ಮೇಲೆ ಮಿಲ್ಲಿನಿಂದ ಕರೆ ಬಂತು. ಹೋಗಲೇನು ಎಂದು ಕೇಳಿದಿರಿ. ಆಗಲಾದರೂ ನಿಜ ಹೇಳಬಹುದಿತ್ತು. "ಹೋಗ್ರಿ, ಆಗ್ತದ" ಅಂದೆ.

ಮೂರನೆಯ ದಿನ ನೀವೇ ಬಂದು ಅಲ್ಲಿ ನಡೆದದ್ದು ಹೇಳಿದಿರಿ. ಮಾಲಕರು ಕಂಪ್ಯೂಟರ್ ಚಾಲೂ ಮಾಡಲು ಹೇಳಿದರು. ಎಲ್ಲಿ ಒತ್ತಬೇಕೆಂದು ತಿಳಿಯದೆ ನೀವು ತಡಕಾಡಿದಿರಿ. ಕೊನೆಗೆ ನಿಮ್ಮ ಹೆಂಡತಿಯ ತಮ್ಮನೇ ಹಚ್ಚಿಕೊಟ್ಟರು. ಬೆಳಕು ಬಂದದ್ದೇ ನಿಮ್ಮ ಕೈ ನಿಂತುಹೋಯಿತು. ಹಮಾಲರು ಬಾಗಿಲಲ್ಲಿ ನಿಂತು ನಕ್ಕರು. ಹೆಂಡತಿಯ ತಮ್ಮ ತಲೆ ತಗ್ಗಿಸಿ ಹೊರಗೆ ಹೋದರು.

ನೀವು ಬೈಯುತ್ತೀರಿ, ಕೊರಳಪಟ್ಟಿ ಹಿಡಿಯುತ್ತೀರಿ ಎಂದುಕೊಂಡು ಮೇಜಿನ ಹಿಂದೆ ಸರಿದೆ. ನೀವು ಹೇಳಿದ್ದು ಇಷ್ಟೇ: "ನೀವು ಕಲಿಸೀರಿ ಸರ್. ನನ್ನ ತಲ್ಯಾಗ ಹೋಗಲಿಲ್ಲ. ತಪ್ಪು ನಂದೇ ಅದ."

ಅದಕ್ಕೆ ನಾನೇನೆಂದೆ ಗೊತ್ತೇ? ನಿಮಗೆ ನೆನಪಿರಬಹುದು. ವಯಸ್ಸಾದ ಮೇಲೆ ಎಲ್ಲರಿಗೂ ಬರೂದಿಲ್ರಿ ಅಂದೆ. ಸಮಾಧಾನ ಮಾಡುವವನ ದನಿಯಲ್ಲಿ. ನೀವು ಕೈಮುಗಿದು ಇಳಿದು ಹೋದಿರಿ. ಕೆಟ್ಟ ಯಂತ್ರದ ಮುಂದೆ ಕೂರಿಸಿದ್ದಕ್ಕಿಂತ ಇದು ಹೊಲಸು — ನಿಮ್ಮ ತಲೆಯೇ ಕೆಟ್ಟದ್ದೆಂದು ನಿಮ್ಮನ್ನೇ ನಂಬಿಸಿ ಕಳಿಸಿದ್ದು.

ಕೆಲವು ವರ್ಷಗಳ ನಂತರ ಆಳಂದದ ಬಸ್ಸಿನಲ್ಲಿ ನೀವು ಮಗಳೊಂದಿಗೆ ಸಿಕ್ಕಿದಿರಿ. ಕಲ್ಲಿನ ಗಣಿಯಲ್ಲಿ ದುಡಿಯುತ್ತಿದ್ದಿರಿ. ಹುಡುಗಿ ಪಿಯುಸಿ ಪಾಸಾಗಿದ್ದಳು. ಮುಂದೆ ಕಂಪ್ಯೂಟರ್ ಕಲಿಯುತ್ತಾಳೇನು ಎಂದು ನಾನೇ ಬಾಯಿ ತೆರೆದು ಕೇಳಿದೆ.

"ಬ್ಯಾಡ್ರಿ ಸರ್. ಅದು ನಮ್ಮ ರಕ್ತಕ್ಕ ಬರೂದಲ್ಲ," ಎಂದಿರಿ.

ಹುಡುಗಿ ಕಿಟಕಿಯ ಕಡೆ ಮುಖ ತಿರುಗಿಸಿದಳು. ಅವಳಿಗೆ ಆಸೆಯಿತ್ತು — ಕುರುಡನಿಗೂ ಕಾಣುವಂತಿತ್ತು. ನಾನು ಮುಂದಿನ ಸ್ಟಾಪಿನಲ್ಲಿ ಇಳಿದುಬಿಟ್ಟೆ. ನನ್ನ ಊರು ಇನ್ನೂ ದೂರವಿತ್ತು.

ನಿಮ್ಮ ಅಪರಾಧಕ್ಕೆ ನೀವು ಶಿಕ್ಷೆ ಉಂಡಿರಿ. ನನ್ನದನ್ನು ಯಾರೂ ಅಪರಾಧವೆಂದೇ ಕರೆಯಲಿಲ್ಲ. ಊರು ನನ್ನನ್ನು ಇವತ್ತಿಗೂ ಸರ್ ಎನ್ನುತ್ತದೆ. ಕ್ಷಮೆ ಕೇಳಲು ಇದನ್ನು ಬರೆಯುತ್ತಿಲ್ಲ. ನಿಮ್ಮ ತಲೆ ಸರಿಯಾಗಿತ್ತು ಎಂಬುದು ನಿಮಗೆ ಗೊತ್ತಾಗಬೇಕು, ನಿಮ್ಮ ಮಗಳಿಗೂ ಗೊತ್ತಾಗಬೇಕು. ಈ ವಾರ ಅತನೂರಿಗೆ ಬರುತ್ತೇನೆ. ಒಳಗೆ ಕರೆಯಬೇಡಿ. ಅಂಗಳದಲ್ಲೇ ನಿಂತು, ನಾಲ್ಕು ಮಂದಿಗೆ ಕೇಳುವಂತೆ ಹೇಳುತ್ತೇನೆ.